ಮಾರುಕಟ್ಟೆ ಗೋಡೆಯ ಮೇಲಿನ ಅರಳಿ ಸಸಿಯವರಿಗೆ

ಸನ್ಮಾನ್ಯರೇ,

ಮೈಸೂರಿನ ದೇವರಾಜ ಮಾರುಕಟ್ಟೆಯ ಗೋಡೆಯ ನೆತ್ತಿಯಲ್ಲಿ, ಗಾರೆ ಬಿಟ್ಟ ಸಂದಿನಲ್ಲಿ ಬೇರೂರಿರುವ ತಮಗೇ ನೇರವಾಗಿ ಬರೆಯುತ್ತಿದ್ದೇನೆ. ಬೆಳಗ್ಗೆಯಿಂದ ಊಟದ ಹೊತ್ತು ಮೀರುವವರೆಗೆ ಒಂದು ಕಚೇರಿಯ ಬೆಂಚು ಸವೆಸಿ ಈಗಷ್ಟೇ ಬಂದೆ. ಈ ಕಟ್ಟಡದ ಮೇಲೆ ರಜೆ ಹಾಕದೆ ಕೆಲಸ ಮಾಡುತ್ತಿರುವವರು ತಾವೊಬ್ಬರೇ ಅಂತ ಅಲ್ಲಿ ಖಾತ್ರಿಯಾಯಿತು.

ನಾನು ಕೇಳಿದ್ದು ಇಷ್ಟೇ: ಮಳೆ ಹಿಡಿಯುವ ಮುಂಚೆ ತಮ್ಮನ್ನು ಬೇರುಸಮೇತ ಕೀಳಿಸಿ. ಮೊದಲ ಮೇಜಿನವರು, "ಅದು ಪಾರಂಪರಿಕ ಕಟ್ಟಡ ಕಣ್ರೀ, ಕೈ ಹಚ್ಚೋ ಹಾಗಿಲ್ಲ" ಅಂದರು. ಪಕ್ಕದ ಮೇಜಿನವರು, "ಅದು ಶಿಥಿಲ ಕಟ್ಟಡ, ದುಡ್ಡು ಹಾಕೋ ಹಾಗಿಲ್ಲ" ಅಂದರು. ಮೂರನೆಯವರ ಕುರ್ಚಿಯ ಮೇಲೆ ಟವಲ್ ಮಾತ್ರ ಇತ್ತು. ಅದನ್ನೂ ಕೇಳಿ ನೋಡಿದೆ.

ತಮ್ಮ ಕೆಲಸದ ವೈಖರಿ ನೋಡಿ. ಹಕ್ಕಿಯ ಹಿಕ್ಕೆಯಲ್ಲಿ ಬಂದ ತಮಗೆ ಟೆಂಡರ್ ಇಲ್ಲ, ಶಂಕುಸ್ಥಾಪನೆ ಇಲ್ಲ. ಸುಣ್ಣದ ಗಾರೆಯ ಗೋಡೆ ಮಳೆಗೆ ತೇವ ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ; ಅದರ ಮೇಲೆ ಯಾರೋ ಪುಣ್ಯಾತ್ಮರು ಸಿಮೆಂಟ್ ಮೆತ್ತಿ ತೇವವನ್ನು ಒಳಗೇ ಕೂಡಿಹಾಕುತ್ತಾರೆ. ಬಿರುಕು ಬಿಟ್ಟ ಕಡೆ ತಾವು ಬೇರು ತೂರಿಸುತ್ತೀರಿ. ಆಮೇಲೆ ಒಬ್ಬರು ಏಣಿ ಹಾಕಿ ತಮ್ಮ ತಲೆ ಮಾತ್ರ ಸವರಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಬೇರು ಒಳಗೇ ದಪ್ಪವಾಗುತ್ತಿರುತ್ತದೆ. ಮತ್ತೆ ಹೇಳುತ್ತೇನೆ, ರಜೆ ಹಾಕದೆ ಕೆಲಸ ಮಾಡುವವರು ತಾವೊಬ್ಬರೇ.

ಮಾರುಕಟ್ಟೆಯ ಹತ್ತಿರ ಚಿಕ್ಕ ಗಡಿಯಾರದ ಗೋಪುರ, ಅದರಾಚೆಗೆ 1927ರ ದೊಡ್ಡ ಗಡಿಯಾರದ ಗೋಪುರ. ಎರಡು ಗಡಿಯಾರಗಳ ನಡುವೆ ಇಷ್ಟೊಂದು ಕಾಲಹರಣ ಬೇರೆ ಯಾವ ಊರಲ್ಲೂ ನಡೆದಿರಲಾರದು.

ತಮಾಷೆ ಸಾಕು. ಎದುರಿಗೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕಕ್ಕೆ ಚೌಕಾಸಿ ಮಾಡುತ್ತಾ ನಾವೆಲ್ಲ ನಿಂತಿರುತ್ತಿದ್ದ ಕಟ್ಟಡ ಅದು. ನಾಲ್ಕು ವರ್ಷಕ್ಕೆ, ಅದೂ ಆಗಸ್ಟಿನಲ್ಲೇ, ದುರಸ್ತಿ ನಡೆಯುತ್ತಿದ್ದಾಗಲೇ ಈ ಮಾರುಕಟ್ಟೆಯ ಉತ್ತರ ದ್ವಾರ ನೆಲಕ್ಕೆ ಬಿತ್ತು. ಅಲ್ಲಿಂದ ಒಂದೇ ಜಗಳ: ಒಡೆಯಬೇಕೋ, ಉಳಿಸಬೇಕೋ? ಸಮಿತಿ, ವರದಿ, ಕೋರ್ಟು ಎಲ್ಲ ಆಯಿತು. ಒಡೆಯಿರಿ ಅನ್ನುವವರೂ ಉಳಿಸಿ ಅನ್ನುವವರೂ ಬರಲಿ, ವಾದ ಮಾಡಲಿ. ಆದರೆ ತೀರ್ಮಾನ ಆಗುವ ತನಕ ಒಂದು ಗಿಡ ಕೀಳಲು ಏನು ಅಡ್ಡಿ? ತಾರಸಿಯ ನೀರು ಇಳಿದುಹೋಗುವಂತೆ ತೂಬು ಕೆದಕಲು ಯಾವ ಕೋರ್ಟಿನ ಅಪ್ಪಣೆ ಬೇಕು? ಅಡಿಯಲ್ಲಿ ಹೂವಿನವರು, ಬಾಳೆಹಣ್ಣಿನವರು ದಿನವಿಡೀ ಕೂತಿರುತ್ತಾರಲ್ಲ, ಅವರ ತಲೆ ಯಾವ ಮೇಜಿಗೆ ಬರುತ್ತದೆ? ಏನೂ ಮಾಡದೆ ಕೂತು, ತಾನಾಗಿ ಬಿದ್ದ ಮೇಲೆ "ಶಿಥಿಲ ಅಂತ ಆಗಲೇ ಹೇಳಿದ್ದೆವು" ಅನ್ನುವುದಕ್ಕೆ ಇಂಜಿನಿಯರ್ ಯಾಕೆ ಬೇಕು?

ಅದಕ್ಕೇ ತಮ್ಮಲ್ಲೇ ಬಿನ್ನಹ. ತಮ್ಮ ಬೇರು ಯಾವ ಕಮಾನಿನವರೆಗೆ ಬಂದಿದೆ, ಒಂದು ಚೀಟಿ ಬರೆದು ಕೆಳಗೆ ಉದುರಿಸಿ. ಹೂವಿನವರು ಆ ಕಡೆಯಿಂದ ಬುಟ್ಟಿ ಎತ್ತಿಕೊಳ್ಳುತ್ತಾರೆ. ದಸರಾಕ್ಕೆ ತಮ್ಮ ಕೊರಳಿಗೂ ದೀಪದ ಸರ ಬಿದ್ದೀತು, ಜಂಬೂಸವಾರಿ ಇದೇ ದಾರಿ. ಕರೆಂಟು ಜೋಪಾನ.

ಇಂತಿ,
ನಾಳೆಯೂ ಟವಲ್ ನೋಡಲು ಹೋಗುವವ