ಆಷಾಢ ಹಿಡಿಯುವುದರೊಳಗೆ ಮುಗಿಸಿಕೊಡಿ ಎನ್ನುವವರಿಗೆ

ಮನೆ ಕಟ್ಟಿಸುತ್ತಿರುವ ಅಣ್ಣಂದಿರೇ, ಅಕ್ಕಂದಿರೇ,

ತೀರ್ಥಹಳ್ಳಿ ಸೀಮೆಯ ಒಬ್ಬ ಟೈಲ್ಸ್ ಮೇಸ್ತ್ರಿಯ ನಮಸ್ಕಾರ. ಮೇ ತಿಂಗಳು ಅರ್ಧಕ್ಕೆ ಬಂತೆಂದರೆ ನನಗೆ ದಿನಕ್ಕೆ ನಾಲ್ಕೈದು ಫೋನು ಬರುತ್ತವೆ. ಊರು ಬೇರೆ, ದನಿ ಬೇರೆ, ಮಾತು ಒಂದೇ: "ಆಷಾಢ ಹಿಡಿಯೋದ್ರೊಳಗೆ ಒಕ್ಕಲಾಗಬೇಕು ಮೇಸ್ತ್ರಿಗಳೇ, ಬಚ್ಚಲು ಒಂದು ಉಳಿದಿದೆ, ಹತ್ತು ದಿನದಲ್ಲಿ ಮುಗಿಸಿಕೊಡಿ." ಪ್ರತಿಯೊಬ್ಬರಿಗೂ ಫೋನಿನಲ್ಲಿ ಬಿಡಿಸಿ ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೇ ಈ ಪತ್ರ.

ನೀವು ಮುಹೂರ್ತ ನೋಡಿದ ಪಂಚಾಂಗದಲ್ಲೇ ಮಳೆ ನಕ್ಷತ್ರಗಳೂ ಇವೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ. ಸಸಿ ಮಡಿಗೆ ಬೀಜ ಹಾಕುವಾಗ ಆ ಪುಟವನ್ನು ತಪ್ಪದೆ ನೋಡುತ್ತೀರಿ. ಬಚ್ಚಲಿಗೆ ಗಾರೆ ಹಾಕಿಸುವಾಗ ಮಾತ್ರ ಮರೆಯುತ್ತೀರಿ. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಗಳು ಬೀಳುವುದು ಬಹುಪಾಲು ಈ ಮಳೆಗಳ ನಡುವೆಯೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಬೆಂಗಳೂರಿನ ನೆಂಟರ ಬಾತ್‌ರೂಮು ಹತ್ತು ದಿನಕ್ಕೆ ಮುಗಿಯಿತು ಅಂತ ಇಲ್ಲಿಯೂ ಮುಗಿಯಬೇಕಾಗಿಲ್ಲ.

ಮೂರು ವರ್ಷದ ಹಿಂದೆ ಒಂದು ಮನೆಗೆ ನಾನೂ ಹೂಂ ಎಂದೆ. ಮಹಡಿ ಮೇಲಿನ ಬಚ್ಚಲು, ತಗ್ಗಿಸಿ ಹಾಕಿದ ಸ್ಲ್ಯಾಬು. ಮೃಗಶಿರಾ ಮಳೆ ಎರಡು ದಿನ ಬಿಡುವು ಕೊಟ್ಟಾಗ ವಾಟರ್‌ಪ್ರೂಫಿಂಗ್ ಬಳಿದೆವು, ಮರುದಿನವೇ ಬೆಡ್ ಹಾಕಿ ಟೈಲ್ಸ್ ಕೂರಿಸಿದೆವು. ಒಕ್ಕಲಿನ ದಿನ ನೋಡಿದವರೆಲ್ಲ ಹೊಗಳಿದರು. ಮುಂದಿನ ಮಳೆಗಾಲದಲ್ಲಿ ಕೆಳಗಿನ ಕೋಣೆಯ ಗೋಡೆಯಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳಿತು. ಬಚ್ಚಲಲ್ಲಿ ಕರಣೆಯ ಹಿಡಿಯಿಂದ ತಟ್ಟಿದರೆ ಹತ್ತರಲ್ಲಿ ಆರು ಟೈಲ್ಸ್ ಟೊಳ್ಳು ಸದ್ದು ಮಾಡಿದವು. ಒಂದರ ಅಂಚು ಎದ್ದು ಆ ಮನೆಯ ಅಜ್ಜಿಯ ಕಾಲಿಗೆ ಗಾಯವಾಗಿತ್ತು. ಎಲ್ಲ ಕಿತ್ತು ಹೊಸದಾಗಿ ಹಾಕಿಕೊಟ್ಟೆ. ಆದರೆ ಅಜ್ಜಿ ಈಗಲೂ ಆ ಬಚ್ಚಲಿಗೆ ಗೋಡೆ ಹಿಡಿದೇ ಹೋಗುತ್ತಾರೆ. ಒಲ್ಲೆ ಎನ್ನಬೇಕಾದ ದಿನ ನಾನು ಒಲ್ಲೆ ಎನ್ನಲಿಲ್ಲ.

"ಸಿಮೆಂಟಿಗೆ ನೀರು ಬೇಕಲ್ಲ ಮೇಸ್ತ್ರಿಗಳೇ, ಮಳೆ ಬಂದರೆ ಒಳ್ಳೆಯದೇ ಆಯಿತು" ಎನ್ನುವವರು ಇದ್ದಾರೆ. ಇಲ್ಲೇ ಎಲ್ಲ ಗೊಂದಲ ಇರುವುದು. ಸಿಮೆಂಟು ಗಟ್ಟಿಯಾಗುವುದು ಒಣಗಿದ್ದರಿಂದಲ್ಲ, ನೀರಿನ ಜೊತೆ ಕೂಡಿ ಬೇರೆಯೇ ವಸ್ತುವಾದ್ದರಿಂದ. ಅದಕ್ಕೇ ಒಂದು ವಾರವಾದರೂ ಕ್ಯೂರಿಂಗ್ ಮಾಡುವುದು, 28 ದಿನ ಲೆಕ್ಕ ಹಿಡಿಯುವುದು. ಆದರೆ ಸಿಮೆಂಟು ಬಳಸಿಕೊಂಡು ಮಿಕ್ಕ ನೀರು ಗಾರೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತಿರುತ್ತದೆ. ಅದು ಹೊರಗೆ ಹೋಗಬೇಕು. ಗಟ್ಟಿಯಾಗುವುದು ಒಂದು ಕೆಲಸ, ಒಣಗುವುದು ಇನ್ನೊಂದು. ಫೆಬ್ರವರಿಯ ಗಾಳಿಗೆ ಆ ನೀರು ತಾನಾಗಿ ಹೋಗುತ್ತದೆ. ಜೂನಿನಲ್ಲಿ ಗಾಳಿಯೇ ನೀರು ಕುಡಿದು ತುಂಬಿರುತ್ತದೆ; ಅದು ಗಾರೆಯಿಂದ ಇನ್ನಷ್ಟು ಹೀರುವುದು ಹೇಗೆ? ಒದ್ದೆ ಸ್ಲ್ಯಾಬಿನ ಮೇಲೆ ವಾಟರ್‌ಪ್ರೂಫಿಂಗ್ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ. ಬಿಸಿಲು ಬಿದ್ದಾಗ ಅದು ಆವಿಯಾಗಿ ಮೇಲಕ್ಕೆ ಒತ್ತುತ್ತದೆ, ಬಳಿದ ಪದರ ಗುಳ್ಳೆಯೆದ್ದು ಬಿಟ್ಟುಕೊಳ್ಳುತ್ತದೆ. ಆ ಮನೆಯಲ್ಲಿ ಆದದ್ದು ಅದೇ.

ನಮ್ಮ ಹಿರಿಯರ ಬಚ್ಚಲಿಗೆ ಈ ಕಷ್ಟ ಇರಲಿಲ್ಲ. ಮನೆಯ ಹಿಂಬದಿಗೆ ಬಚ್ಚಲುಕೊಟ್ಟಿಗೆ, ನೆಲಕ್ಕೆ ಹಾಸುಗಲ್ಲು, ಕಲ್ಲಿನ ಸಂದಿಯಿಂದ ನೀರು ಹರಿದು ಹಿತ್ತಿಲ ಬಾಳೆಬುಡಕ್ಕೆ. ಮೂಲೆಯಲ್ಲಿ ಹಂಡೆ, ಹಂಡೆಯಡಿಯಲ್ಲಿ ಬೆಳಗಿನಿಂದ ಒಲೆ. ಎಂಥ ಆರಿದ್ರಾ ಮಳೆಯಲ್ಲೂ ಆ ಬೆಂಕಿ ಬಚ್ಚಲನ್ನು ದಿನಾ ಒಣಗಿಸುತ್ತಿತ್ತು. ನೆನೆದ ಬಟ್ಟೆಯನ್ನೂ ಅಲ್ಲೇ ಹರವುತ್ತಿದ್ದರು. ಈಗ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆ, ಮಹಡಿಗೂ ಹತ್ತಿದೆ. ನೀರು ಗೀಸರಿನೊಳಗೇ ಕಾಯುತ್ತದೆ, ನೆಲಕ್ಕೆ ಬಿಸಿ ತಾಗುವುದಿಲ್ಲ. ಇರುವ ಒಂದು ಚಿಕ್ಕ ಕಿಟಕಿಯನ್ನೂ ಇರಚಲು ಹೊಡೆಯುತ್ತದೆಂದು ಮುಚ್ಚುತ್ತೀರಿ. ಬೆಂಕಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡಬೇಕು? ಒಂದು ಎಕ್ಸಾಸ್ಟ್ ಫ್ಯಾನಾದರೂ ಹಾಕಿಸಿ ಎಂದು ನಾನು ಅಂಗಲಾಚುವುದು ಅದಕ್ಕೇ.

ಟೈಲ್ಸೂ ಬದಲಾಗಿದೆ. ಗೋಡೆಯ ಸೆರಾಮಿಕ್ ಟೈಲ್ಸ್ ತನ್ನ ತೂಕದ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಬಕೆಟ್ಟಿನಲ್ಲಿ ನೆನೆಸಿ ಸಿಮೆಂಟ್ ಹಾಲು ಬಳಿದು ಕೂರಿಸಿದರೆ ಗಾರೆಯನ್ನು ಕಚ್ಚಿಕೊಳ್ಳುತ್ತದೆ. ನೀವು ಈಗ ಆರಿಸಿ ತರುವ ವಿಟ್ರಿಫೈಡ್ ನೂರಕ್ಕೆ ಅರ್ಧ ಪಾಲನ್ನೂ ಕುಡಿಯುವುದಿಲ್ಲ. ಬರಿ ಸಿಮೆಂಟಿಗೆ ಅದು ಅಂಟದು, ಅದಕ್ಕೆ ತಕ್ಕ ಅಂಟಿನ ಪುಡಿಯೇ ಬೇಕು. ಆ ಅಂಟಿಗೂ ಹವೆಯ ಕಟ್ಟುಪಾಡಿದೆ: ಥಂಡಿ ಹೆಚ್ಚಾದರೆ ನಿಧಾನ, ಬಿಸಿಗಾಳಿ ಬೀಸಿದರೆ ಟೈಲ್ಸ್ ಇಡುವುದರೊಳಗೇ ಮೇಲೆ ಕೆನೆ ಕಟ್ಟಿ ಹಿಡಿತ ಕಳೆದುಕೊಳ್ಳುತ್ತದೆ.

ಆ ಕೆನೆಯನ್ನು ನಾನು ಮೊದಲು ಕಂಡದ್ದು ಕಲಬುರಗಿಯಲ್ಲಿ, ಒಂದು ಏಪ್ರಿಲ್ ತಿಂಗಳು ಕೆಲಸಕ್ಕೆ ಹೋಗಿದ್ದಾಗ. 40 ಡಿಗ್ರಿ ಮೀರಿದ ಬಿಸಿಲು. ಅಲ್ಲಿನ ಕಷ್ಟ ನಮ್ಮದರ ತಿರುವುಮುರುವು. ಗಾರೆಯ ನೀರು ಸಿಮೆಂಟಿಗೆ ದಕ್ಕುವ ಮುಂಚೆಯೇ ಆರಿಹೋಗುತ್ತದೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ಅಲ್ಲಿಯ ಮೇಸ್ತ್ರಿಗಳು ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಕರಣೆ ಕೆಳಗಿಡುತ್ತಿದ್ದರು, ಹಾಕಿದ್ದಕ್ಕೆ ಒದ್ದೆ ಗೋಣಿತಾಟು ಹೊದಿಸುತ್ತಿದ್ದರು. ಸಂದಿ ಬಿಡದೆ ಒತ್ತಿ ಕೂರಿಸುವುದಕ್ಕೆ ಅವರು ಒಪ್ಪುತ್ತಿರಲಿಲ್ಲ. ಹತ್ತು ಮೀಟರ್ ಕಾಂಕ್ರೀಟು 30 ಡಿಗ್ರಿ ಕಾದರೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ, ಅದರ ಮೇಲಿನ ಟೈಲ್ಸು ಸುಮಾರು ಎರಡು. ಒಂದರ ಮೇಲೊಂದು ಇರುವ ಇವೆರಡೂ ಹೀಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವಾಗ ಜಾಗ ಬೇಡವೇ? ಸಂದಿ ಇಲ್ಲದಿದ್ದರೆ ಎರಡು ಟೈಲ್ಸ್ ತಲೆ ತಾಗಿಸಿಕೊಂಡು ಗುಡಾರದಂತೆ ಮೇಲೇಳುತ್ತವೆ. "ಗೆರೆ ಕಾಣಬಾರದು" ಎಂದು ಹಟ ಹಿಡಿಯಬೇಡಿ. ಸ್ಪೇಸರ್ ಇಡುವುದಕ್ಕೆ ಬಿಡಿ.

ಇನ್ನೊಂದು ಮಾತು, ದುಡ್ಡಿನದು. ನಮ್ಮ ಹುಡುಗರಿಗೆ ಕೂಲಿ ಚದರಡಿ ಲೆಕ್ಕದಲ್ಲಿ. ಗಾರೆ ಒಣಗಲೆಂದು ಕಾದ ದಿನ ಅವರಿಗೆ ಉಪವಾಸದ ದಿನ. ಹಾಗಿರುವಾಗ ಕಾಯುವ ಮನಸ್ಸು ಯಾರಿಗೆ ಬರುತ್ತದೆ? ಅವಸರ ನಿಮ್ಮದಷ್ಟೇ ಅಲ್ಲ, ನಮ್ಮ ಹೊಟ್ಟೆಯದೂ ಹೌದು. ಕೆಲಸ ಒಪ್ಪಿಸುವಾಗಲೇ ಕಾಯುವ ದಿನಕ್ಕೆ ಅರ್ಧ ಕೂಲಿಯನ್ನಾದರೂ ಮಾತಾಡಿಕೊಳ್ಳಿ. ಕಿತ್ತು ಮತ್ತೆ ಹಾಕಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬಚ್ಚಲನ್ನು ಕೊನೆಗೆ ಉಳಿಸಬೇಡಿ. ಸಂಕ್ರಾಂತಿ ಕಳೆದ ಮೇಲೆ, ಹೋಳಿ ಹುಣ್ಣಿಮೆಯೊಳಗೆ ಅದರ ವಾಟರ್‌ಪ್ರೂಫಿಂಗ್ ಮುಗಿಯಲಿ. 48 ಗಂಟೆ ನೀರು ನಿಲ್ಲಿಸಿ ಕೆಳಗೆ ಜಿನುಗುತ್ತದೆಯೇ ನೋಡೋಣ. ಆಮೇಲೆ ಬೆಡ್ಡು, ನೀರು ಹೊರಹೋಗುವ ಕಡೆಗೆ ಸರಿಯಾದ ವಾಟ, ಟೈಲ್ಸು. ಅಷ್ಟರಲ್ಲಿ ಆಗಲಿಲ್ಲವೆಂದರೆ ಬಚ್ಚಲು ಬಾಕಿ ಇಟ್ಟೇ ಒಕ್ಕಲಾಗಿ. ಹಾಲು ಉಕ್ಕಿಸಲು ಅಡುಗೆಮನೆ ಸಾಕು. ಬಂದವರ ಕೈಕಾಲು ತೊಳೆಯುವುದಕ್ಕೆ ಹಿತ್ತಿಲಲ್ಲಿ ಸೋಗೆ ಕಟ್ಟಿ ಎರಡು ಹಾಸುಗಲ್ಲು ಹಾಕಿಕೊಡುತ್ತೇನೆ, ಅದಕ್ಕೆ ಕೂಲಿ ಬೇಡ.

ಇವತ್ತು ಸಂಜೆ ನಿಮ್ಮಲ್ಲೇ ಒಬ್ಬರ ಹೊಸ ಬಚ್ಚಲಿನಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಒತ್ತಿ ಬಂದಿದ್ದೇನೆ. ನಾಳೆ ಮಧ್ಯಾಹ್ನದೊಳಗೆ 16 ಗಂಟೆ ದಾಟಿರುತ್ತದೆ. ಹಾಳೆಯನ್ನು ನಾನಲ್ಲ, ಮನೆಯವರೇ ಎತ್ತಿ ನೋಡಲಿ ಎಂದಿದ್ದೇನೆ. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಒಳಗೆ ಇನ್ನೂ ನೀರಿದೆ ಎಂದೇ ಅರ್ಥ; ನನಗೊಂದು ಫೋನು ಮಾಡಲಿ, ಹುಡುಗರನ್ನು ಬೇರೆ ಕೆಲಸಕ್ಕೆ ಕಳಿಸುತ್ತೇನೆ.

ಇಂತಿ,
ನಿಮ್ಮ ಮನೆಯ ನೆಲ ಹಾಕುವವ