ಕೆಂಚಿ ಹೊಂಬಣ್ಣಕ್ಕೆ ಹೊರಟಿದ್ದು

ನನ್ನ ಕೂದಲು ಹುಟ್ಟಿನಿಂದಲೇ ಕಂದು. ಅದು ಚಂದ ಅಂತ ಈಗಿನವರು ಹೇಳುತ್ತಾರೆ. ನಾನು ಬೆಳೆದ ಹಾಸನದ ಕಡೆಯ ಮನೆಯಲ್ಲಿ ಅದು ಔಷಧಿ ಮಾಡಬೇಕಾದ ಕಾಯಿಲೆಯಾಗಿತ್ತು. ಉಳಿದವರ ತಲೆಯೆಲ್ಲ ಕಾಡಿಗೆ ಬಳಿದಂತಿದ್ದರೆ ನನ್ನದೊಂದು ತೆಂಗಿನ ನಾರು. ಶಾಲೆಯ ಹಾಜರಿ ಪುಸ್ತಕದಲ್ಲಿ ಒಳ್ಳೆಯ ಹೆಸರೇ ಇತ್ತು. ಬೀದಿಯಲ್ಲಿ ಮಾತ್ರ ನಾನು ‘ಕೆಂಚಿ’. ಅತ್ತುಕೊಂಡು ಬಂದರೆ ಅಜ್ಜಿ ಸಮಾಧಾನ ಮಾಡುತ್ತಿದ್ದರು: “ಶಿವನೂ ಕೆಂಜೆಡೆಯವನೇ ಕಣೇ. ಆಲೂರಿನ ಕಡೆ ಕೆಂಚಮ್ಮನ ಹೊಸಕೋಟೆ ಅಂತ ಊರೇ ಇಲ್ವಾ?” ದೇವರ ಸಾಲಿಗೆ ಸೇರಿಸಿದ್ದಕ್ಕೆ ನಾನು ಹಿಗ್ಗಬೇಕಿತ್ತು. ಆದರೆ ನನಗೆ ಬೇಕಿದ್ದದ್ದು ಗುಡಿಯಲ್ಲ, ಎದುರುಮನೆಯ ಹುಡುಗಿಗಿದ್ದಂಥ ಕಪ್ಪು ಜಡೆ.

ಅಮ್ಮ ಕೈಕಟ್ಟಿ ಕೂರುವವಳಲ್ಲ. ಶನಿವಾರ ರಾತ್ರಿ ಒಲೆಯ ಮೇಲೆ ಕೊಬ್ಬರಿ ಎಣ್ಣೆ ಏರುತ್ತಿತ್ತು. ಅದರೊಳಗೆ ಗರಗದ ಸೊಪ್ಪಿನ ರಸ, ಕರಿಬೇವು, ದಾಸವಾಳದ ಎಲೆ, ನೆಲ್ಲಿಚಟ್ಟು. ಎಣ್ಣೆ ಕಪ್ಪಾಯಿತು. ಬಾಣಲೆ ಕಪ್ಪಾಯಿತು. ದಿಂಬಿನ ಬಟ್ಟೆಯಂತೂ ಅಮಾವಾಸ್ಯೆ. ಕೂದಲು ಒಂದು ಬಿಟ್ಟು.

ಹೆಣ್ಣು ನೋಡಲು ಬಂದ ದಿನ ನನ್ನ ಮೋಟು ಜಡೆಗೆ ಅತ್ತಿಗೆ ಚೌರಿ ಸೇರಿಸಿ ಹೆಣೆದರು. ಚೌರಿ ಅಪ್ಪಟ ಕಪ್ಪು, ನಾನು ಅಪ್ಪಟ ಕೆಂಚು. ಜೋಡಿಸಿದ ಜಾಗ ಎರಡು ಜಿಲ್ಲೆಗಳ ಗಡಿಯಂತೆ ದೂರಕ್ಕೇ ಕಾಣುತ್ತಿತ್ತು. ಉಪ್ಪಿಟ್ಟು ಬಡಿಸುವಾಗ ಬೆನ್ನು ತಿರುಗಿಸಬೇಡ ಅಂತ ಅಮ್ಮನ ಅಪ್ಪಣೆ. ಏಡಿಯ ಹಾಗೆ ಪಕ್ಕಕ್ಕೆ ನಡೆದು ಬಡಿಸಿದೆ. ಹುಡುಗ ಒಪ್ಪಿದ. ಜಡೆಯನ್ನು ನೋಡಿರಲೇ ಇಲ್ಲ ಅಂತ ಇವರು ಇವತ್ತಿಗೂ ಆಣೆ ಮಾಡುತ್ತಾರೆ, ಉಪ್ಪಿಟ್ಟು ನೋಡುತ್ತಿದ್ದರಂತೆ. ನಂಬುತ್ತೇನೆ.

ಇಷ್ಟೆಲ್ಲ ಆದಮೇಲೆ, ನಲವತ್ತೇಳನೆಯ ವಯಸ್ಸಿನಲ್ಲಿ, ಮಗಳು ಹೇಳಿದಳು: “ಅಮ್ಮಾ, ಬ್ಲಾಂಡ್ ಮಾಡಿಸ್ಕೋ. ಕಪ್ಪು ಕೂದಲಿನವರಿಗೆ ಕಷ್ಟ. ನಿನ್ನದು ಹೇಗೂ ಬ್ರೌನ್, ಅರ್ಧ ದಾರಿ ಬಂದೇ ಬಿಟ್ಟಿದ್ದೀಯ!” ನಲವತ್ತು ವರ್ಷ ತಪ್ಪು ದಿಕ್ಕಿಗೆ ಎಳೆಸಿಕೊಂಡವಳಿಗೆ ಈ ‘ಅರ್ಧ ದಾರಿ’ ಎಂಬ ಮಾತು ಎಷ್ಟು ಹಿತವಾಗಿತ್ತು ಅಂದರೆ, ಎರಡು ದಿನ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಮರಿಲಿನ್ ಮನ್ರೋ ಕೂಡ ಮೊದಲು ಕಂದು ಕೂದಲಿನವಳೇ ಆಗಿದ್ದಳಂತೆ. ಅದನ್ನೂ ಮಗಳೇ ತಿಳಿಸಿದಳು. ಶಿವನಿಂದ ಮನ್ರೋವರೆಗೆ ನನ್ನ ಬಳಗ ಬೆಳೆಯುತ್ತಲೇ ಇತ್ತು.

ನಾನು ಓದುಬರಹದವಳು, ಯಾವ ಹುಚ್ಚಿಗೂ ಮೊದಲು ಪುಸ್ತಕ ತೆರೆಯುತ್ತೇನೆ. 16ನೇ ಶತಮಾನದ ವೆನಿಸ್ ನಗರದ ಹೆಂಗಸರು ಹೊಂಗೂದಲಿಗಾಗಿ ಮಾಡುತ್ತಿದ್ದ ತಪಸ್ಸು ಕಣ್ಣಿಗೆ ಬಿತ್ತು. ಅಗಲ ಅಂಚಿನ, ಆದರೆ ನೆತ್ತಿಯೇ ಇಲ್ಲದ ಟೋಪಿ ಹಾಕಿಕೊಂಡು, ಆ ತೂತಿನಿಂದ ಕೂದಲನ್ನು ಹೊರಗೆಳೆದು ಅಂಚಿನ ಮೇಲೆ ಹರಡಿ, ಏನೇನೋ ದ್ರಾವಣ ಸವರಿ ಬಿಸಿಲು ಮಾಳಿಗೆಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರು. ಮುಖಕ್ಕೆ ನೆರಳು, ಕೂದಲಿಗೆ ಬಿಸಿಲು. 1590ರಲ್ಲಿ ಚೆಸಾರೆ ವೆಚೆಲ್ಲಿಯೋ ಎಂಬವನು ತನ್ನ ಉಡುಪಿನ ಪುಸ್ತಕದಲ್ಲಿ ಇದರ ಚಿತ್ರವನ್ನೇ ಹಾಕಿದ್ದಾನೆ. ನೋಡಿದೊಡನೆ ನಮ್ಮ ತಾರಸಿಯ ಸಂಡಿಗೆ ನೆನಪಾಯಿತು. ಕಾಗೆ ಓಡಿಸಲು ಅಲ್ಲಿ ಯಾರು ಕೂರುತ್ತಿದ್ದರೋ!

ಪಾರ್ಲರಿನ ಹುಡುಗಿ ಸಂಡಿಗೆಯ ಮಟ್ಟದಲ್ಲಿ ಮಾತಾಡಲಿಲ್ಲ. ಕೂದಲನ್ನು ಬೆರಳಿನಲ್ಲಿ ಎತ್ತಿ, “ಟ್ವೆಂಟಿ ವಾಲ್ಯೂಮ್ ಸಾಕು ಮ್ಯಾಮ್” ಅಂದಳು. ರೇಡಿಯೋ ವಿಷಯವಿರಬೇಕು ಅಂದುಕೊಂಡೆ. ಅಲ್ಲ, ಅದು ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುಸ್ಸೆಂದು ನೊರೆ ಉಕ್ಕುತ್ತದಲ್ಲ, ಅದೇ, ಎರಡರಷ್ಟು ಖಾರ. ಬ್ಲೀಚ್ ಪುಡಿಯ ಜೊತೆ ಸೇರಿ ಅದು ಕೂದಲಿನ ಒಳಹೊಕ್ಕು ಮೆಲನಿನ್ನನ್ನು ಒಡೆಯುತ್ತದೆ. ಕಂದು ಹೋಗಿ ನೇರವಾಗಿ ಚಿನ್ನ ಬರುವುದಿಲ್ಲ. ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಹೀಗೆ ಒಂದೊಂದೇ ನಿಲ್ದಾಣ ದಾಟಬೇಕು. ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣ ಬಂದರೆ ಊರು ಬಂತು ಅಂತ ಲೆಕ್ಕ. ಉಳಿದ ಹಳದಿ ಅಡಗಿಸಲು ನೇರಳೆ ಬಣ್ಣದ ಟೋನರ್. ಇದು ಮಾತ್ರ ತಕ್ಷಣ ಅರ್ಥವಾಯಿತು. ಮಾವನವರ ಬಿಳಿ ಪಂಚೆಗೆ ಎಷ್ಟು ವರ್ಷ ನೀಲಿ ಹಾಕಿದವಳು ನಾನು!

ಖರ್ಚು 7,500 ರೂಪಾಯಿ. ಅಲ್ಲಿಗೇ ಮುಗಿಯದು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಎರಡು ತಿಂಗಳಿಗೆ ಬೈತಲೆಯ ಪಕ್ಕ ಹಳೆಯ ಕೆಂಚಿ ಇಣುಕುತ್ತಾಳೆ. ಮತ್ತೆ ಚೌರಿಯ ಗಡಿ, ಈ ಸಲ ನೆತ್ತಿಯ ಮೇಲೆ.

ಇವರನ್ನು ಕೇಳಿದೆ. “ನಿನ್ನಿಷ್ಟ” ಅಂದರು, ಪೇಪರಿನ ಹಿಂದಿನಿಂದ. ಮದುವೆಯಾದ ಹೆಂಗಸರಿಗೆ ಈ ಪದದ ಹದಿನಾರು ಅರ್ಥ ಗೊತ್ತು; ಒಂದರಲ್ಲೂ ಇಷ್ಟಕ್ಕೆ ಜಾಗವಿಲ್ಲ. ಅಮ್ಮನಿಗೆ ಫೋನು ಮಾಡಿದೆ. ಬಹಳ ಹೊತ್ತು ಮಾತಿಲ್ಲ. ಲೈನ್ ಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಕೇಳಿದಳು: “ಹಾಗಾದ್ರೆ ಅಷ್ಟೊಂದು ಎಣ್ಣೆ ಯಾಕೆ ಸುರಿಸಿದೆ ನನ್ನ ಕೈಲಿ?”

ಸುರಿಸಿದ್ದು ನಾನಲ್ಲ ಅಂತ ವಾದಿಸಬಹುದಿತ್ತು. ವಾದಿಸಲಿಲ್ಲ. ಆದರೆ ಆ ರಾತ್ರಿ ಕನ್ನಡಿಯ ಮುಂದೆ ಒಂದು ಸಂಗತಿ ಹೊಳೆಯಿತು: ಕಪ್ಪು ಮಾಡಲು ಒಂದು ಪಕ್ಷ, ಬಂಗಾರ ಮಾಡಲು ಇನ್ನೊಂದು ಪಕ್ಷ. ಕಂದು ಬಣ್ಣದ ಪರ ಇಷ್ಟು ವರ್ಷದಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ, ನನ್ನನ್ನೂ ಸೇರಿಸಿ.

ಆದರೂ ಆಸೆ ಎಲ್ಲಿ ಬಿಟ್ಟೀತು? ಕಿವಿಯ ಹಿಂದಿನ ಒಂದೇ ಎಳೆಗೆ ಹಾಕಿ ನೋಡೋಣ, ಸ್ಟ್ರ್ಯಾಂಡ್ ಟೆಸ್ಟ್ ಮಾಡಿದ ಮೇಲೆ ನಿರ್ಧರಿಸಿ ಅಂದಳು ಹುಡುಗಿ. ಹಾಕಿಸಿಕೊಂಡೆ. ಎಳೆ ಕಿತ್ತಳೆ ಮತ್ತು ಹಳದಿಯ ನಡುವೆ ಯಾವುದೋ ಸ್ಟೇಷನ್ನಿನಲ್ಲಿ ಕೆಟ್ಟು ನಿಂತಿತು. “ಇನ್ನೊಂದು ರೌಂಡ್ ಬೇಕಾಗುತ್ತೆ ಮ್ಯಾಮ್” ಅಂದಳು. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ.

ಯೋಚಿಸುವ ಮೊದಲೇ ಒಂದು ನಾಮಕರಣ ಬಂತು. ಊಟಕ್ಕೆ ಕುಳಿತಿದ್ದೆ. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಕಿವಿಯ ಹಿಂದೆ ಕಣ್ಣು ಕಿರಿದು ಮಾಡಿ ನೋಡಿದರು. ಸೆರಗಿನ ತುದಿಯನ್ನು ಲೋಟದ ನೀರಿಗೆ ಅದ್ದಿದರು. “ಯಾರೋ ಬಡಿಸೋವಾಗ ಕೇಸರಿಬಾತ್ ಬೀಳಿಸಿದಾರೆ, ಇರು” ಅಂತ ಉಜ್ಜತೊಡಗಿದರು. ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದರು. ಆರು ವರ್ಷದ ಹುಡುಗಿಯ ಹಾಗೆ ಕತ್ತು ಬಾಗಿಸಿ ಕುಳಿತಿದ್ದೆ. ನಿಜ ಹೇಳುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಪಾರ್ಲರಿಗೆ ಫೋನು ಮಾಡಿ ಬೇಡವೆಂದೆ. ಕೇಸರಿಬಾತಿನ ಎಳೆಯನ್ನು ಕತ್ತರಿಸಲಿಲ್ಲ. ಬುಡದಲ್ಲಿ ಈಗ 2 ಸೆಂ.ಮೀ. ಹೊಸ ಕೂದಲು ಬಂದಿದೆ. ಅದು ಕಂದೂ ಅಲ್ಲ, ಬಂಗಾರವೂ ಅಲ್ಲ, ಬೆಳ್ಳಗಿದೆ.