ಅಣಬೆ ಮೇಲಿನ ಮೊಟ್ಟೆ ಯಾರದು?

ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಅಣಬೆ ಹುಡುಕಿಕೊಂಡು ಹೊರಡುವವರಲ್ಲಿ ಎರಡು ಜಾತಿ. ತಿನ್ನುವುದಕ್ಕೆಂದು ಹೋಗುವವರು ಒಂದು. ಇವರಿಗೆ ಊರಲ್ಲಿ ಮರ್ಯಾದೆ ಇದೆ. ಕೊಳೆತ ಅಣಬೆಯೆದುರು ಕುಕ್ಕರುಗಾಲಲ್ಲಿ ಕೂತು ಭೂತಗನ್ನಡಿ ಹಿಡಿಯುವವರು ಇನ್ನೊಂದು. ನಾನು ಆ ಇನ್ನೊಂದು. ದಾರಿಯಲ್ಲಿ ಹೋಗುವವರು "ಏನ್ ಕಳ್ಕೊಂಡ್ರಿ ಮಾರಾಯ್ರೆ?" ಅನ್ನುತ್ತಾರೆ. "ಮೊಟ್ಟೆ ನೋಡ್ತಿದ್ದೆ" ಅಂದರೆ, ಕೋಳಿ ಯಾವ ಕಡೆ ಹೋಯಿತೆಂದು ವಿಚಾರಿಸುತ್ತಾರೆ.

ಅಣಬೆಯ ಬಾಳು ನಾಲ್ಕು ದಿನದ್ದು. ಅಷ್ಟರಲ್ಲೇ ನೊಣ ಬಂದು ಮೊಟ್ಟೆಯಿಡಬೇಕು, ಮರಿ ಹೊಟ್ಟೆ ತುಂಬಿಸಿಕೊಂಡು ಮಣ್ಣಿಗಿಳಿಯಬೇಕು. ಬಾಡಿ ಕಪ್ಪಗಾದ ಕೊಡೆಯನ್ನು ಮಗುಚಿದರೆ ಪದರಗಳ ಸಂದಿಯಲ್ಲಿ ಬಿಳಿ ರವೆ ಉದುರಿಸಿದ ಹಾಗೆ ಕಾಣುತ್ತದೆ. ಒಂದು ಮಿಲಿಮೀಟರಿಗೆ ಮಿಕ್ಕಿ ಉದ್ದವಿದ್ದರೆ ನಮ್ಮ ಮನೆನೊಣದ ನೆಂಟರದ್ದಿರಬಹುದು. ಅರ್ಧ ಮಿಲಿಮೀಟರ್ ಇದ್ದು, ಒಂದು ತುದಿಯಿಂದ ಕೂದಲಿನಷ್ಟು ತೆಳ್ಳಗಿನ ಎಳೆಗಳು ಎದ್ದಿದ್ದರೆ ಡ್ರಾಸೊಫಿಲ ಬಳಗದ್ದು. ಕಳಿತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಅವುಗಳ ಪೈಕಿ. ಆ ಎಳೆಗಳು ಶೋಕಿಗಲ್ಲ. ಮೊಟ್ಟೆ ಕೊಳೆತ ರಸದಲ್ಲಿ ಮುಳುಗಿದರೂ ಎಳೆ ಮೇಲಿರುತ್ತದೆ, ಉಸಿರಾಟ ಅದರಿಂದಲೇ. ಗುಂಡಗೆ, ಗಾಜಿನಂತೆ ಹೊಳೆಯುತ್ತಿದ್ದರೆ ಅದು ನೊಣದ್ದೇ ಅಲ್ಲ, ಚಿಪ್ಪಿಲ್ಲದ ಬಸವನಹುಳುವಿನದು. ಇದಕ್ಕಿಂತ ಮುಂದೆ ಹೋಗಿ ಬರೀ ಮೊಟ್ಟೆ ನೋಡಿ ಕುಲಗೋತ್ರ ಹೇಳುತ್ತೇನೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ತಿಳಿಯಲೇಬೇಕೆಂದರೆ ಸಾಕಬೇಕು. ಬಾಟಲಿಯ ತಳಕ್ಕೆ ಒದ್ದೆ ಮರಳು, ಮೇಲೆ ಮೊಟ್ಟೆ ಸಮೇತ ಅಣಬೆ, ಬಾಯಿಗೆ ಹಳೇ ಪಂಚೆಯ ತುಂಡು. ಮೂರನೇ ದಿನಕ್ಕೆ ಇಡೀ ಮನೆಗೆ ಸುದ್ದಿ ಮುಟ್ಟಿತು, ಮೂಗಿನ ಮೂಲಕ.

"ಲೋಕದವ್ರೆಲ್ಲ ನೊಣ ಓಡಿಸ್ತಾರೆ, ನೀವು ಬಾಣಂತನ ಮಾಡ್ತಾ ಇದ್ದೀರಿ," ಎಂದಳು ಹೆಂಡತಿ.

"ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲ ಸಾಕೋದಕ್ಕೇ ಒಂದು ಕೇಂದ್ರ ಇದೆ, ಗೊತ್ತಾ?"

"ಅಲ್ಲಿ ಸಂಬಳ ಕೊಡ್ತಾರೆ."

ಬಾಟಲಿ ಕೊಟ್ಟಿಗೆಗೆ ವರ್ಗವಾಯಿತು. ಅಲ್ಲಿ ಮರಿಗಳು ಎರಡು ಪಂಗಡವಾದವು. ಕೆಲವಕ್ಕೆ ಕರಿಯ ಪುಟ್ಟ ತಲೆ. ಅವು ಸೊಳ್ಳೆಯನ್ನು ಹೋಲುವ ಅಣಬೆನೊಣದವು. ಉಳಿದವಕ್ಕೆ ತಲೆಯೇ ಕಾಣದು, ಚೂಪು ಮೂತಿಯೊಳಗೆ ಕಪ್ಪು ಕೊಕ್ಕೆಯಷ್ಟೇ. ಅವು ಕೋಶ ಕಟ್ಟಿದವು, ಕೊನೆಗೊಂದು ಬೆಳಿಗ್ಗೆ ಬಟ್ಟೆಯಡಿ ರೆಕ್ಕೆ ಆಡಿತು. ನೋಡಿದರೆ ನೊಣವಲ್ಲ, ಸೂಜಿಮೊನೆಯಷ್ಟು ಕಣಜ! ನೊಣದ ಮರಿಯ ಮೈಯೊಳಗೆ ತನ್ನ ಮೊಟ್ಟೆ ತೂರಿಸಿ, ಒಳಗಿಂದೊಳಗೇ ತನ್ನ ಸಂತಾನ ಬೆಳೆಸುವ ಕಣಜಗಳಿವೆ. ಬಾಣಂತನ ಯಾರದೋ, ಕೂಸು ಯಾರದೋ.

ಇಷ್ಟೆಲ್ಲ ಕೇಳಿಸಿಕೊಂಡ ನಮ್ಮ ಚಿಕ್ಕಪ್ಪ, "ಹುಳ ಬಿದ್ದ ಅಣಬೇಲಿ ವಿಷ ಇರಲ್ಲ ಕಣೋ, ಅಷ್ಟು ಗೊತ್ತಾದ್ರೆ ಸಾಕು," ಎಂದು ತೀರ್ಪು ಕೊಟ್ಟರು. ಈ ಮಾತು ಹಳ್ಳಿಹಳ್ಳಿಯಲ್ಲೂ ಇದೆ, ಅಪಾಯವಿರುವುದೂ ಇದರಲ್ಲೇ. ಅಮಾನಿಟ ಜಾತಿಯ ಕೆಲವು ಅಣಬೆಗಳಲ್ಲಿ ಅಮಾನಿಟಿನ್ ಎಂಬ ವಿಷವಿದೆ. ಬೇಯಿಸಿದರೂ ಹೋಗದು, ಮನುಷ್ಯನ ಯಕೃತ್ತನ್ನೇ ಕೊಲ್ಲುತ್ತದೆ. ಅಣಬೆ ತಿಂದೇ ಬದುಕುವ ಹಲವು ಡ್ರಾಸೊಫಿಲಗಳ ಮರಿಗಳು ಅದೇ ವಿಷವನ್ನು ಉಂಡು ದುಂಡಗಾಗುತ್ತವೆ.

ಆದ್ದರಿಂದ ಕಾಡಣಬೆ ಒಲೆಗೇರಿಸುವ ಮುಂಚೆ ನೊಣದ ಸರ್ಟಿಫಿಕೇಟು ಕೇಳಬೇಡಿ, ಅಣಬೆ ಬಲ್ಲವರನ್ನು ಕೇಳಿ. ಅವರೂ ಒಂದು ಕ್ಷಣ ತಲೆ ಕೆರೆದುಕೊಂಡರೆ, ಸಾರಿಗೆ ಬದನೆಕಾಯಿ ಇದೆ.